ಮೆಲ್ಲಗೆ ಗರ್ಜಿಸುತ್ತಿದ್ದ ಮೃಗ

ನಮ್ಮ ಮನೆಯಲ್ಲಿ ಸಿನಿಮಾ ನೋಡುವ ದಿನವನ್ನು ರೇಷ್ಮೆಹುಳುಗಳು ಗೊತ್ತುಮಾಡುತ್ತಿದ್ದವು. ಭಾನುವಾರವಾಗಲಿ ಹಬ್ಬವಾಗಲಿ ಅವುಗಳಿಗೆ ಲೆಕ್ಕವಿರಲಿಲ್ಲ. ಹುಳು ಮೇಯುವಷ್ಟು ದಿನ ಮನೆಯ ಯಾರಿಗೂ ಬಿಡುವಿಲ್ಲ. ತೋಟದಿಂದ ಸೊಪ್ಪು ಕೊಯ್ದು ತರಬೇಕು, ಹೆಚ್ಚಬೇಕು, ತಟ್ಟೆ ತಟ್ಟೆಗೂ ಉದುರಿಸಬೇಕು, ಅಡಿಯ ಕಸ ತೆಗೆಯಬೇಕು. ಆದರೆ ಪೊರೆ ಬಿಡುವ ಮುಂಚೆ ಹುಳುಗಳು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಒಂದು ದಿನದಷ್ಟು ಹೊತ್ತು ಹಾಗೇ ಕೂತುಬಿಡುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತವು ಎಂದರೆ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ಆ ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು. ಚಿಕ್ಕಪ್ಪ ಬೆಳಗಿನ ಬಸ್ಸಿಗೆ ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ಹೋಗಿ, ಬಾಡಿಗೆಗೆ ಒಂದು ಸಿನಿಮಾ ಸಿಡಿ ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸಾಗುತ್ತಿದ್ದ.

ಮನೆಯಲ್ಲಿದ್ದದ್ದು ಮೂರು ಕೋಣೆ. ದೊಡ್ಡದು, ತಣ್ಣಗಿರುವುದು ಹುಳುವಿನದು. ಉಳಿದ ಎರಡರಲ್ಲಿ ಒಂದು ಅಡುಗೆಮನೆ, ಇನ್ನೊಂದು ನಾವೆಲ್ಲ ಉಣ್ಣುವ, ಮಲಗುವ, ಜಗಳವಾಡುವ ನಡುಮನೆ. ಹುಳು ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಇಲ್ಲ. ಕಾದ ಎಣ್ಣೆಯ ಘಾಟು ಹುಳುವಿಗೆ ಆಗದು ಎಂಬುದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ನನ್ನ ಬಾಲ್ಯದ ಬಹುಪಾಲು ಸಾರು ಸಾಸಿವೆ ಕಾಣದ್ದು. ಅಜ್ಜಿಯ ಇನ್ನೊಂದು ಅಪ್ಪಣೆ ಸದ್ದಿನದು. ಜ್ವರಕ್ಕೆ ಕೂತ ಹುಳು ಬಾಣಂತಿಯ ಹಾಗೆ, ಪಕ್ಕದ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಕೂಡದು, ಟಿವಿಯ ಸದ್ದೂ ಏರಕೂಡದು. ಇದರಿಂದಾಗಿ ನಮ್ಮ ಮನೆಯಲ್ಲಿ ಮೃಗಗಳು ಬಹಳ ಮೆಲ್ಲಗೆ ಗರ್ಜಿಸುತ್ತಿದ್ದವು. ನಾವು ಮುಂದಕ್ಕೆ ಬಾಗಿ, ಉಸಿರು ಹಿಡಿದು ಕೇಳಬೇಕಿತ್ತು. ಗೋಡೆಯ ಆಚೆ ಸಾವಿರಾರು ಹುಳುಗಳು ತಲೆ ಎತ್ತಿ ಕೂತಿರುವುದು ನನಗೆ ಗೊತ್ತಿತ್ತು. ಅವೂ ಕೇಳುತ್ತಿವೆ ಎಂದು ನಾನು ನಂಬಿದ್ದೆ.

ಚಿಕ್ಕಪ್ಪ ತರುತ್ತಿದ್ದುದೆಲ್ಲ ಮೃಗದ ಸಿನಿಮಾಗಳೇ. ಕಾರಣ ಸರಳ. ಅತ್ತೆ, ಸೊಸೆ, ಮೈದುನ, ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಪ್ರೇಮದ ಹಾಡು ನೋಡುವುದು ಯಾರಿಗೂ ಆಗದ ಮಾತು. ಮೊಸಳೆ ಮನುಷ್ಯನನ್ನು ನುಂಗುವುದನ್ನು ಎಲ್ಲರೂ ನೆಮ್ಮದಿಯಾಗಿ ನೋಡಬಹುದಿತ್ತು. ಹೊರದೇಶದಲ್ಲಿ ಅಗ್ಗವಾಗಿ ತೆಗೆದು, ತಮಿಳಿನ ಮಾತು ಕೂಡಿಸಿ, ಯಾರೋ ಎಲ್ಲೋ ನಕಲು ಮಾಡಿದ ಸಿಡಿಗಳು ಅವು. ರಾಕ್ಷಸ ಮೊಸಳೆ, ರಾಕ್ಷಸ ಜೇಡ, ರಾಕ್ಷಸ ಮೀನು. ಅವುಗಳಲ್ಲೂ ಒಂದು ಅಪಾಯವಿತ್ತು. ಕಡಲ ದಂಡೆ ಕಂಡ ತಕ್ಷಣ ಚಿಕ್ಕಪ್ಪ ರಿಮೋಟ್ ಒತ್ತಿ ಚಿತ್ರವನ್ನು ಓಡಿಸುತ್ತಿದ್ದ.

“ಯಾಕ್ಲಾ ಮಾದಾ, ಓಡುಸ್ತೀಯಲ್ಲ?” ಅಜ್ಜಿ ಕೇಳುವಳು.

“ಸಿಡಿ ಗೀರಾಗ್ಬುಟ್ಟದೆ ಕಣವ್ವ.”

“ಅದೇನು ಹೊಳೆ ದಡ ಬಂದಾಗ್ಲೇ ಗೀರಾಯ್ತದೆ?”

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ಮಾತ್ರ ಏನೂ ಕೇಳದವನಂತೆ ಗೋಡೆಗೆ ಒರಗಿ ಕೂತಿರುತ್ತಿದ್ದ.

ಎಲ್ಲ ಮೃಗಗಳಿಗೂ ಒಂದೇ ದನಿ ಇದೆ ಎಂದು ನನಗೆ ತಿಳಿದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಮೊದಲು ತುಕ್ಕು ಹಿಡಿದ ಗೇಟು ಎಳೆದಂತೆ, ನಡುವೆ ಹಂದಿ ಗುಟುರಿದಂತೆ, ಕೊನೆಗೆ ಯಾರೋ ನೀರಿನೊಳಗೆ ಉಸಿರು ಬಿಟ್ಟಂತೆ. ಮೊಸಳೆಯ ದನಿ ಅದೇ, ಜೇಡದ್ದೂ ಅದೇ, ಮೀನಿನದೂ ಅದೇ. ನಾನು ಅದನ್ನು ಅಜ್ಜಿಯ ಕಿವಿಯಲ್ಲಿ ಮಾತ್ರ ಹೇಳಿದೆ. ಅಜ್ಜಿ ಮುಂದಿನ ಜ್ವರದ ದಿನ ಕಣ್ಣು ಮುಚ್ಚಿ ಕೇಳಿ, ಹೌದು ಎಂದು ತಲೆದೂಗಿ, ಅದರಿಂದ ತನ್ನದೇ ಒಂದು ತೀರ್ಮಾನಕ್ಕೆ ಬಂದಳು.

“ದನಿ ಒಂದೇ ಅಂದ್ರೆ ಪ್ರಾಣೀನೂ ಒಂದೇ ಕಣವ್ವ. ಓದ ಸಲ ಸಾಯ್ಸಿದ್ರಲ್ಲ, ಅದು ಸತ್ತಿಲ್ಲ. ಬ್ಯಾರೆ ವೇಸ ಆಕ್ಕಂಡು ಬಂದದೆ.”

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಬೇರೆ ಸಿನಿಮಾಗಳು ಎಂಬುದು ಇಲ್ಲವಾಯಿತು. ಇದ್ದದ್ದು ಒಂದೇ ಮೃಗ, ಒಂದೇ ಕತೆ, ಜ್ವರದಿಂದ ಜ್ವರಕ್ಕೆ ಮುಂದುವರಿಯುವುದು. ಪ್ರತಿ ಸಿನಿಮಾದಲ್ಲೂ ಒಬ್ಬ ಹೆಂಗಸಿನ ಚೀತ್ಕಾರವಿರುತ್ತಿತ್ತು, ಅದೂ ಒಂದೇ. ನಡುವೆ ಒಮ್ಮೆ ತಡೆದು ಮತ್ತೆ ಏರುವ ಕೂಗು. ಅಜ್ಜಿ ಅದಕ್ಕೆ ಪಕ್ಕದ ಮನೆಯ ಸಾಕಮ್ಮನ ಹೆಸರಿಟ್ಟಳು, ಏಕೆಂದರೆ ಹಿತ್ತಿಲಲ್ಲಿ ಹಾವು ಕಂಡ ದಿನ ಸಾಕಮ್ಮ ಕೂಗಿದ್ದು ಹಾಗೆಯೇ. ತಮಾಷೆಯೆಂದರೆ ಸಾಕಮ್ಮ ಸ್ವತಃ ನಮ್ಮ ಜೊತೆ ಕೂತು ಸಿನಿಮಾ ನೋಡುತ್ತಿದ್ದಳು.

“ಬಂದ್ಳು ನೋಡು ಸಾಕಮ್ಮ. ಪಾಪ, ಇವತ್ತೂ ಸತ್ಲು.”

“ಇದೇನವ್ವ, ನಾನು ಇಂಗೆ ಬಾಯ್ ಬುಡ್ತೀನಾ?”

“ಇನ್ನೂ ಜೋರು ಕಣೆ. ಇದು ಮೆಲ್ಲಗೆ ಮಡಗಿರದು, ಹುಳ ಜ್ವರದಲ್ಲವೆ ಅಂತ.”

ಒಂದು ಗರ್ಜನೆಯನ್ನು ಒಮ್ಮೆ ಮುದ್ರಿಸಿ ಇಟ್ಟರೆ ಕೈಯಲ್ಲಿ ಕಾಸಿಲ್ಲದ ಎಷ್ಟೋ ಸಿನಿಮಾದವರು ಅದನ್ನೇ ತೆಗೆದು ತೆಗೆದು ಬಳಸುತ್ತಾರೆ ಎಂಬುದು ನನಗೆ ತಿಳಿದದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ. ಇಂತಹ ಸಿನಿಮಾಗಳನ್ನೇ ಹುಡುಕಿ ನೋಡುವವರ ಒಂದು ಸಣ್ಣ ಗುಂಪು ಅಲ್ಲಿ ಸಿಕ್ಕಿತು. ರಬ್ಬರಿನ ಬಾಲ, ಅಲುಗಾಡುವ ರಟ್ಟಿನ ಬೆಟ್ಟ, ಎಲ್ಲವೂ ಅವರಿಗೆ ಪ್ರೀತಿ. ಹಳೆಯ ಪರಿಚಯದ ಗರ್ಜನೆ ಬಂದರೆ ಮನೆಗೆ ನೆಂಟರು ಬಂದ ಹಾಗೆ ಎದ್ದು ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ. ನನ್ನ ಚಪ್ಪಾಳೆಗೆ ಬೇರೆ ಕಾರಣವಿದೆ ಎಂದು ಅವರಿಗೆ ಈವರೆಗೆ ಹೇಳಿಲ್ಲ.

ಈ ಕತೆ ನಡೆದ ವರ್ಷ ನಾನು ಏಳನೇ ತರಗತಿ ಮುಗಿಸುತ್ತಿದ್ದೆ. ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮಾತು ಬಾರದ್ದಕ್ಕಲ್ಲ. ಏನು ಹೇಳಬೇಕೆಂದು ನನಗೆ ನಿಶ್ಚಯವಾಗುವ ಹೊತ್ತಿಗೆ ಬೇರೆ ಯಾರೋ ಹೇಳಿ ಮುಗಿಸಿರುತ್ತಿದ್ದರು. ಮತ್ತೆ ಅದನ್ನೇ ಹೇಳುವುದು ದಂಡ ಅನ್ನಿಸುತ್ತಿತ್ತು. ಮನೆಗೆ ನೆಂಟರು ಬಂದರೆ ಹುಳುವಿನ ಕೋಣೆಗೆ ಹೋಗಿ ತಟ್ಟೆಗಳ ನಡುವೆ ನಿಂತುಬಿಡುತ್ತಿದ್ದೆ. ಹುಳು ಮೇಯುವ ಸದ್ದು ಹಂಚಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ, ಅದರೊಳಗೆ ಯಾರೂ ನಮ್ಮನ್ನು ಮಾತಾಡಿಸುವುದಿಲ್ಲ. ಮೇಷ್ಟ್ರು ಅಪ್ಪನನ್ನು ಕರೆಸಿ ಹೀಗೇ ಆದರೆ ಹೈಸ್ಕೂಲಿನಲ್ಲಿ ಕಷ್ಟವಾಗುತ್ತದೆ ಎಂದರು. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಯಳಂದೂರಿನಲ್ಲಿ ಅವನ ತಂಗಿ, ನನ್ನ ಸೋದರತ್ತೆ, ಮನೆಯ ಮುಂಭಾಗದಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದಳು. ನಾನು ಅಲ್ಲಿದ್ದುಕೊಂಡು ಹೈಸ್ಕೂಲು ಓದುವುದು, ಸಂಜೆ ಅಂಗಡಿಯಲ್ಲಿ ಕೂರುವುದು ಎಂದು ಅಣ್ಣ ತಂಗಿ ಮಾತಾಡಿಕೊಂಡರು.

“ಅಲ್ಲಿ ನಾಕ್ ಜನ ಬತ್ತರೆ, ಓಯ್ತರೆ. ತಾನಾಗೇ ಬಾಯಿ ಬತ್ತದೆ ಕಣವ್ವ,” ಎಂದ ಅಪ್ಪ ಅಜ್ಜಿಗೆ.

“ಈಗೇನು ಬಾಯಿಲ್ವಾ? ನನ್ ತಾವ ಆಡ್ತದಲ್ಲ.”

“ನಿನ್ ತಾವ ಆಡುದ್ರೆ ಆಯ್ತಾ? ನಾಳೆ ನಾನೂ ನೀನೂ ಇವಳ ಜೊತೆ ಪರೀಕ್ಸೆಗೆ ಓಗಿ ಕೂತ್ಕತೀವಾ?”

ಅಪ್ಪ ಕೇಡು ಬಯಸಿ ಹೇಳಿದ ಮಾತಲ್ಲ ಅದು, ಹಾಗಾಗಿ ಅಜ್ಜಿ ಜಗಳ ಮಾಡಿ ಗೆಲ್ಲುವಂತಿರಲಿಲ್ಲ. ಬೇಸಿಗೆ ರಜೆ ಮುಗಿಯುವಾಗ ಅತ್ತೆಯೇ ಬಂದು ಕರೆದುಕೊಂಡು ಹೋಗುವುದು ಎಂದಾಯಿತು. ಅಪ್ಪ ಅಟ್ಟದಿಂದ ಬ್ಯಾಗು ಇಳಿಸಿ ಒರೆಸಿಟ್ಟ. ಆ ಬ್ಯಾಗು ನಡುಮನೆಯ ಗೂಟದಲ್ಲಿ ನೇತಾಡುತ್ತ ಉಳಿಯಿತು. ಅದನ್ನು ನೋಡದೆ ಅಡುಗೆಮನೆಗೆ ಹೋಗಲು ದಾರಿಯೇ ಇರಲಿಲ್ಲ.

ಆ ಬೇಸಿಗೆಯ ಮೊದಲ ಜ್ವರದ ದಿನವೇ ಟಿವಿಯ ಚಿತ್ರ ಹೋಯಿತು. ಸಿಡಿ ಹಾಕಿ ಎಲ್ಲರೂ ಕೂತಾಗಿತ್ತು. ಪರದೆ ಒಮ್ಮೆ ನೀಲಿಯಾಗಿ, ಚಿಕ್ಕ ಚುಕ್ಕೆಯಾಗಿ, ಕಪ್ಪಾಯಿತು. ಸದ್ದು ಮಾತ್ರ ಬರುತ್ತಲೇ ಇತ್ತು. ಚಿಕ್ಕಪ್ಪ ಟಿವಿಯ ತಲೆಗೆ ತಟ್ಟಿದ, ಪಕ್ಕೆಗೆ ತಟ್ಟಿದ, ವೈರು ಅಲುಗಿಸಿದ. ಟ್ಯೂಬು ಹೋಗಿದೆ, ಮೈಸೂರಿನಿಂದ ತರಿಸಬೇಕು ಎಂದು ಆಮೇಲೆ ರಿಪೇರಿಯವನು ಹೇಳಿದ. ಆದರೆ ಆ ಗಳಿಗೆಯಲ್ಲಿ ನಾವೆಲ್ಲ ಕಪ್ಪು ಗಾಜನ್ನು ನೋಡುತ್ತ ಕೂತಿದ್ದೆವು, ಒಳಗೆ ಯಾರೋ ನೀರಿನಲ್ಲಿ ನಡೆಯುತ್ತಿದ್ದರು. ಏಳಲು ಯಾರಿಗೂ ಮನಸ್ಸಿಲ್ಲ, ಮುಂದಿನ ಬಿಡುವು ಮುಂದಿನ ಜ್ವರಕ್ಕೇ. ಹನೂರಿನ ಆಚೆ ಕಾಡಂಚಿನ ಊರಿನಲ್ಲಿ ಹುಟ್ಟಿದ ಅಜ್ಜಿಗೆ ತಮಿಳು ಬರುತ್ತಿತ್ತು. ಅವಳು ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. ಆದರೆ ಮಾತು ನಿಂತು ಬರಿಯ ಸದ್ದು ಬಂದಾಗ ಅವಳೂ ಸುಮ್ಮನಾದಳು.

“ಈಗೇನಾಯ್ತಾ ಅದೋ ಏನೋ,” ಎಂದಳು ಸಾಕಮ್ಮ.

“ದೋಣಿ ಮಗುಚ್ತಾ ಅದೆ,” ಎಂದೆ.

ಹೇಳಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಮೀನಿನ ಸಿನಿಮಾದಲ್ಲಿ, ಮೊಸಳೆಯ ಸಿನಿಮಾದಲ್ಲಿ ದೋಣಿ ಮಗುಚಿದಾಗ ಕೇಳಿದ್ದೂ ಅದೇ ಮರದ ಕಿರ್ರೆನ್ನುವಿಕೆ, ಅದೇ ಗುಳುಗುಳು. ಆಮೇಲೆ ಬಂದ ಹೆಜ್ಜೆಗಳೂ ಗೊತ್ತು, ಬಾಗಿಲೂ ಗೊತ್ತು, ಗುಡುಗೂ ಗೊತ್ತು. ಮೊದಲ ಸಲ ಏನು ಹೇಳಬೇಕೆಂಬುದು ಬೇರೆಯವರಿಗಿಂತ ಮುಂಚೆ ನನಗೆ ನಿಶ್ಚಯವಾಗಿತ್ತು. ಅಜ್ಜಿ ಮಾತು ಹೇಳಿದಳು, ನಾನು ಸದ್ದು ಹೇಳಿದೆ. ಹೊಳೆ ಎಂದರೆ ಸತ್ತೇಗಾಲದ ಹೊಳೆ, ಗದ್ದೆ ಎಂದರೆ ಅಲ್ಲಿನ ಕಬ್ಬಿನ ಗದ್ದೆ. ಬೇರೆ ಹೊಳೆ ನಾನು ನೋಡಿರಲಿಲ್ಲ. ಮೃಗ ಕಬ್ಬಿನ ನಡುವೆ ಬಾಲ ಎಳೆದುಕೊಂಡು ಬಂತು. ಸಿನಿಮಾ ಮುಗಿದಾಗ ಅಮ್ಮ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ಅದು ಮೊಸಳೆಯ ಸಿನಿಮಾ ಎಂದೇ ನಾವು ತಿಳಿದಿದ್ದೆವು. ಸಿಡಿಯ ಹೊದಿಕೆಯ ಮೇಲೆ ಬಾವಲಿಯ ಚಿತ್ರವಿರುವುದನ್ನು ಚಿಕ್ಕಪ್ಪ ವಾಪಸು ಕೊಡುವಾಗ ನೋಡಿದನಂತೆ. ಅವನು ಬಂದು ಹೇಳಿದರೆ ಅಜ್ಜಿ ಒಪ್ಪಲಿಲ್ಲ. ವೇಷ ಎಂದಳು.

ಆದರೆ ಇದೆಲ್ಲ ನಡೆದದ್ದು ನಮ್ಮವರ ಮುಂದೆ. ಅಪ್ಪ ಆ ಮಧ್ಯಾಹ್ನಗಳಲ್ಲಿ ತೋಟದಲ್ಲಿ ನೀರು ಕಟ್ಟುತ್ತಿದ್ದ. ಚಿತ್ರವಿಲ್ಲದ ಟಿವಿಯ ಮುಂದೆ ಕೂರುವುದು ಅವನಿಗೆ ಹುಚ್ಚಾಟ. ನಾನು ಮಾತಾಡಿದೆನೆಂದು ಅಜ್ಜಿ ಹೇಳಿದರೆ ನಕ್ಕುಬಿಟ್ಟ. ಮೊಮ್ಮಗಳ ಪರವಾಗಿ ಅಜ್ಜಿ ಏನಾದರೂ ಹೇಳಿಯಾಳು ಎಂಬ ನಗು ಅದು.

ಅತ್ತೆ ತನ್ನ ಮಗ ಪ್ರಸಾದನನ್ನು ಕರೆದುಕೊಂಡು ಬಂದ ದಿನ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ತಂಗಿ ಬರುತ್ತಾಳೆಂದು ಅಪ್ಪ ಹಿಂದಿನ ದಿನವಷ್ಟೇ ಟಿವಿ ರಿಪೇರಿ ಮಾಡಿಸಿದ್ದ. ಪ್ರಸಾದ ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಬರುವಾಗಲೇ ಒಂದು ಸಿಡಿ ತಂದಿದ್ದ, ತಾನು ಅದನ್ನು ಯಳಂದೂರಿನಲ್ಲಿ ನೋಡಿಯಾಗಿದೆ ಎಂದು ಎಲ್ಲರಿಗೂ ಹೇಳಿದ. ಅತ್ತೆ ಕಾಲು ತೊಳೆದು ಒಳಗೆ ಬಂದು ಗೂಟದ ಬ್ಯಾಗು ನೋಡಿದಳು.

“ಏನವ್ವಾ, ರೆಡಿಯಾ?”

ನಾನು ತಲೆ ಆಡಿಸಿದೆ.

“ನೋಡಣ್ಣಯ್ಯ, ಕೋಲೆಬಸವ ಆಡ್ಸಿದಂಗೆ ಆಡುಸ್ತಳೆ. ಇರ್ಲಿ ಬುಡು, ಅಂಗ್ಡಿಲಿ ಒಂದ್ ತಿಂಗ್ಳು ಸೀರೆ ಬಿಚ್ಚಿ ತೋರ್ಸುದ್ರೆ ಎಲ್ಲ ಸರಿಯೋಯ್ತದೆ.”

ಊಟವಾದ ಮೇಲೆ ಎಲ್ಲರೂ ಚಾಪೆಯ ಮೇಲೆ ಕೂತೆವು, ಅಪ್ಪನೂ ಕೂಡ. ಬಣ್ಣ ಬಣ್ಣದ ಚಿತ್ರ ಬಂತು. ಸಮುದ್ರ, ಬಂಡೆ, ಮಂಜು. ಬಂಡೆಯ ಹಿಂದಿನಿಂದ ಗೇಟು ಎಳೆದಂತಹ ಆ ದನಿ ಬಂದಾಗ ನಾನೂ ಅಜ್ಜಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಅದನ್ನು ಕಣ್ಣಾರೆ ಕಂಡು ಬಹಳ ದಿನಗಳಾಗಿದ್ದವು. ಬಂಡೆಯ ಮರೆಯಿಂದ ಅದು ಹೊರಬಂತು. ಒಂದು ಏಡಿ. ಕೊಂಡಿಗಳು ಒದ್ದೆ ಹಾಸಿಗೆಯ ಹಾಗೆ ಜೋತಾಡುತ್ತಿದ್ದವು. ಹೊಟ್ಟೆಯ ಕೆಳಗೆ ಒಂದು ಜೊತೆ ಕಪ್ಪು ಬೂಟು ಸ್ಪಷ್ಟವಾಗಿ ನಡೆದುಹೋಯಿತು.

“ಇದೇನ್ಲಾ ಮಾದಾ,” ಎಂದಳು ಅಜ್ಜಿ. “ಏಡಿ ಕಾಲ್ಗೆ ಮೆಟ್ಟು ಆಕ್ಕಂಡದೆ!”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ತನ್ನ ಮೃಗಕ್ಕೆ ಆದ ಅವಮಾನ ಅವಳಿಗೆ ತಡೆಯಲಾಗಲಿಲ್ಲವೆಂದು ನನಗೆ ಅರ್ಥವಾಯಿತು, ಏಕೆಂದರೆ ನನಗೂ ಹಾಗೇ ಆಗಿತ್ತು. ಅವಳು ಮೂಲೆಯಲ್ಲಿ ಒರಗಿಸಿಟ್ಟಿದ್ದ ಚಂದ್ರಿಕೆಗಳ ಕಡೆ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಆ ದೊಡ್ಡ ತಟ್ಟಿಗಳ ಕಡೆ, ಕೈ ತೋರಿಸಿದಳು.

“ಅದ್ರಲ್ಲಿ ಒಂದ ತಂದು ಟಿವಿಗೆ ಅಡ್ಡ ಮಡಗ್ಲಾ.”

“ಅವ್ವ, ನೆನ್ನೆ ತಾನೆ ರಿಪೇರಿ ಮಾಡ್ಸಿವ್ನಿ,” ಎಂದ ಅಪ್ಪ.

“ಅದ್ಕೇ ಕೆಟ್ಟೋಗಿರದು. ಮಡಗ್ಲಾ ಮಾದಾ. ನಮ್ ಮಗ ಯೋಳ್ತದೆ.”

ಚಿಕ್ಕಪ್ಪ ಎರಡು ಮಾತಾಡದೆ ಎದ್ದು ಚಂದ್ರಿಕೆಯನ್ನು ಟಿವಿಗೆ ಆನಿಸಿ ನಿಲ್ಲಿಸಿದ. ಸಮುದ್ರ, ಏಡಿ, ಬೂಟು ಎಲ್ಲ ಬಿದಿರಿನ ಸುರುಳಿಗಳ ಹಿಂದೆ ಮರೆಯಾಯಿತು. ಪ್ರಸಾದ ಕಿಸಕ್ಕನೆ ನಕ್ಕ. ಅತ್ತೆ ಅಣ್ಣನ ಮುಖ ನೋಡಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಣ್ಣು ಗೂಟದ ಬ್ಯಾಗಿನ ಮೇಲೆ ಹೋಯಿತು. ಇಲ್ಲಿ ಈಗ ನಾನು ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ಆ ಬ್ಯಾಗು ನನ್ನ ತೊಡೆಯ ಮೇಲೆ, ನಾನು ಯಳಂದೂರಿನ ಬಸ್ಸಿನಲ್ಲಿ. ಅಷ್ಟು ಗೊತ್ತಿದ್ದೂ ಮಾತು ಬರಲಿಲ್ಲ. ನೀರಿನ ಸದ್ದು ಹೋಯಿತು, ಗಾಳಿಯ ಸದ್ದು ಹೋಯಿತು. ಆಮೇಲೆ ಬಾಗಿಲಿನ ಸದ್ದು ಬಂತು. ಆ ಬಾಗಿಲಿನ ಪರಿಚಯ ನನಗೆ ಎಷ್ಟಿತ್ತೆಂದರೆ, ಅದನ್ನು ಯಾರಿಗೂ ತೋರಿಸದೆ ಹಾಗೇ ಬಿಡುವುದು ಸಾಧ್ಯವಾಗಲಿಲ್ಲ.

“ಬಾಗ್ಲು ತಗೀತಾಳೆ,” ಎಂದೆ. “ಸಾಕಮ್ಮ. ಕೈಲಿ ಲಾಟೀನು ಅದೆ.”

ಸಾಕಮ್ಮ ಚಾಪೆಯ ಮೇಲೆ ನೆಟ್ಟಗೆ ಕೂತಳು. ನಾನು ಮುಂದುವರಿದೆ. ಮೃಗ ಈ ಸಲ ಏಡಿಯ ವೇಷದಲ್ಲಿ ಸತ್ತೇಗಾಲದ ಹೊಳೆಯಿಂದ ಎದ್ದಿದೆ, ಅದು ಎಷ್ಟು ದೊಡ್ಡದೆಂದರೆ ಕಬ್ಬಿನ ಗದ್ದೆ ದಾಟುವಾಗ ಅದರ ಬೆನ್ನು ಮಾತ್ರ ಮೇಲೆ ಕಾಣುತ್ತದೆ, ಕೆಳಗೆ ಕಬ್ಬು ಮುರಿಯುವ ಸದ್ದು. ಟಿವಿಯಿಂದ ಲಟಲಟ ಎಂದು ಏನೋ ಮುರಿಯಿತು. ಅತ್ತೆ ಕಾಲು ಮಡಚಿಕೊಂಡಳು. ಅಜ್ಜಿ ಒಂದೊಂದು ತಮಿಳು ಮಾತನ್ನು ಸರಿಯಾದ ಹೊತ್ತಿಗೆ ಎತ್ತಿಕೊಟ್ಟಳು. ಹೆಜ್ಜೆಗಳು ಮನೆಯ ಸುತ್ತ ಬಂದವು. ಉಸಿರು ಬಾಗಿಲಿಗೆ ತಾಗಿತು. ಆಗ ಆ ಕೂಗು ಬಂತು. ನಡುವೆ ತಡೆದು ಮತ್ತೆ ಏರುವ ಕೂಗು.

“ಈಗ ಸತ್ತೋಯ್ತಳೆ,” ಎಂದ ಪ್ರಸಾದ. “ನಾ ನೋಡಿವ್ನಿ.”

ಹನೂರಿನ ಆಚೆಯ ತನ್ನ ತವರಿನ ಬಗ್ಗೆ ಅಜ್ಜಿ ಹೇಳಿದ್ದೊಂದು ನನಗೆ ನೆನಪಿತ್ತು. ಬೆಳೆಗೆ ಆನೆ, ಹಂದಿ ನುಗ್ಗಿದರೆ ಹೆಂಗಸರು ಅಟ್ಟಣೆಯ ಮೇಲೆ ನಿಂತು ಕೂಗುತ್ತಿದ್ದರಂತೆ, ಉಸಿರು ಮುಗಿದರೆ ನಡುವೆ ಒಮ್ಮೆ ಎಳೆದುಕೊಂಡು ಮತ್ತೆ ಕೂಗುತ್ತಿದ್ದರಂತೆ.

“ಇಲ್ಲ, ಸಾಯಲ್ಲ,” ಎಂದೆ. ನನ್ನ ದನಿ ಗೋಡೆಯ ಆಚೆ ಹುಳುವಿನವರೆಗೂ ಹೋಗುವಷ್ಟು ಏರಿತ್ತು, ಅಜ್ಜಿ ತಡೆಯಲಿಲ್ಲ. “ಅದು ಎದ್ರಿಕೊಂಡು ಕೂಗಿದ್ದಲ್ಲ. ಓಡುಸ್ತಾವ್ಳೆ.”

ಕೂಗು ನಿಂತಿತು. ಎಲ್ಲರೂ ಕಾದರು. ಗರ್ಜನೆ ಬಂತು, ಅದೇ ಗೇಟು, ಅದೇ ಹಂದಿ, ಅದೇ ನೀರಿನ ಉಸಿರು, ಆದರೆ ಸಣ್ಣಗೆ, ದೂರದಿಂದ. ಅದನ್ನು ಅಷ್ಟು ಸಣ್ಣಗೆ ಏಕೆ ಹಾಕಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

“ಇಂದಕ್ಕೋಯ್ತಾ ಅದೆ,” ಎಂದೆ.

“ನಾನು ಅಂಗ್ ಕೂಗ್ದೆ ಮತ್ತೆ!” ಎಂದು ಸಾಕಮ್ಮ ತೊಡೆ ತಟ್ಟಿಕೊಂಡಳು.

“ಸುಳ್ಳು!” ಪ್ರಸಾದ ಎದ್ದು ನಿಂತ. “ಅಲ್ಲಿ ಅವಳ್ನ ತಿಂದಾಕ್ಬುಡ್ತದೆ. ಚಂದ್ರಿಕೆ ತಗೀರಿ, ನೀವೇ ನೋಡಿ. ಅವ್ವ, ನೀನೂ ನೋಡ್ಲಿಲ್ವಾ? ನೀನೇ ಯೋಳು!”

ಅತ್ತೆ ಅವನ ಅಂಗಿ ಹಿಡಿದು ಕೆಳಗೆ ಕೂರಿಸಿದಳು. ಅವಳ ಕಣ್ಣು ನನ್ನ ಮೇಲಿಂದ ಕದಲಿರಲಿಲ್ಲ.

“ಸುಮ್ನಿರ್ಲಾ,” ಎಂದಳು. “ಅವ್ಳು ಯೋಳ್ಲಿ.”

ನಾನು ಹೇಳಿದೆ. ಕೊನೆಯವರೆಗೂ ಹೇಳಿದೆ, ಸಿಡಿ ಮುಗಿದು ಪೆಟ್ಟಿಗೆ ಸುಮ್ಮನಾದ ಮೇಲೂ ಮೃಗವನ್ನು ಹೊಳೆಯವರೆಗೆ ಕಳಿಸಿ, ಲಾಟೀನು ಆರಿಸಿ, ಸಾಕಮ್ಮನನ್ನು ಮನೆಯೊಳಗೆ ಸೇರಿಸಿ ಬಾಗಿಲು ಹಾಕಿದೆ. ಯಾರೂ ಏಳಲಿಲ್ಲ. ಆಮೇಲೆ ಅಪ್ಪ ಎದ್ದು, ಗೂಟದಿಂದ ಬ್ಯಾಗು ತೆಗೆದು, ಸ್ಟೂಲು ಹತ್ತಿ ಅಟ್ಟದ ಮೇಲೆ ಎಸೆದ. ಧೂಳು ಉದುರಿತು.

“ಅಣ್ಣಯ್ಯ, ಮತ್ತೆ ಅಂಗ್ಡಿಗೆ?” ಎಂದಳು ಅತ್ತೆ, ಕೇಳಬೇಕಲ್ಲ ಎಂದು ಕೇಳಿದ ಹಾಗೆ.

“ಅಂಗ್ಡಿಗೆ ಬ್ಯಾರೆ ಯಾರ್ನಾರ ನೋಡ್ಕವ್ವ,” ಎಂದ ಅಪ್ಪ. “ಇವ್ಳು ಇಲ್ಲೇ ಓದ್ಲಿ.”

ಮರುದಿನ ಬೆಳಿಗ್ಗೆ ಹುಳು ಜ್ವರದಿಂದ ಎದ್ದವು. ಸೊಪ್ಪು ಬಿದ್ದೊಡನೆ ಕೋಣೆಯಲ್ಲಿ ಮಳೆಯ ಸದ್ದು ಶುರುವಾಯಿತು. ಅತ್ತೆಯನ್ನು ಬಸ್ಸಿಗೆ ಕಳಿಸಲು ನಾನೂ ಹೋದೆ. ನೆಂಟರನ್ನು ಕಳಿಸಲು ನಾನು ಹೊರಟದ್ದು ಅದೇ ಮೊದಲು. ಪ್ರಸಾದ ಮುನಿಸಿಕೊಂಡು ಮುಂದೆ ಹೋಗಿ ಕಿಟಕಿ ಹಿಡಿದು ಕೂತಿದ್ದ. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದಿರುಗಿ, ಅಪ್ಪನನ್ನೂ ಚಿಕ್ಕಪ್ಪನನ್ನೂ ಬಿಟ್ಟು ನೇರ ನನ್ನನ್ನೇ ಕೇಳಿದಳು:

“ಮುಂದಿನ ಜ್ವರ ಯಾವತ್ತವ್ವಾ?”

“ಬರೋ ಸೋಮವಾರ ಅತ್ತೆ,” ಎಂದೆ. ಬಸ್ಸು ಹೊರಟಿತ್ತು, ಸದ್ದು ಜೋರಾಗಿತ್ತು. ಅದಕ್ಕೆ ಇನ್ನೊಮ್ಮೆ, ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ. “ಸೋಮವಾರ! ಬೆಳಿಗ್ಗೆನೇ ಬಂದ್ಬುಡು!”